ಬರೆಯಲಾಗದ ಕಾರಣ

ಬ್ರಹ್ಮಾವರದಲ್ಲಿ ಬಸ್ಸಿಳಿದ ಸುಗುಣ, ಕುಸುಮಾವತಿಯ ಮನೆ ಎಲ್ಲಿ ಎಂದು ಕೇಳಿಕೊಂಡು ಗದ್ದೆಯಂಚಿನಲ್ಲಿ ಎರಡು ಮೈಲಿ ನಡೆದಳು. ಅರವತ್ತೆಂಟರ ಜುಲೈ. ಹಟ್ಟಿಯಂಗಡಿಯಿಂದ ಬೆಳಿಗ್ಗೆಯೇ ಹೊರಟು ಬಂದಿದ್ದ ಅವಳಿಗೆ ಬೇಕಿದ್ದುದು ಒಂದೇ ಒಂದು ಕಾಗದ. ಮೆಡಿಕಲ್ ಕಾಲೇಜಿಗೆ ಆಯ್ಕೆಯಾದವರ ಪಟ್ಟಿಯಲ್ಲಿ ಕೊನೆಯ ಹೆಸರು ಕುಸುಮಾವತಿಯದು. ಅದರ ಕೆಳಗೆ ಗೆರೆ ಎಳೆದು ಬರೆದ ವೈಟಿಂಗ್ ಲಿಸ್ಟಿನಲ್ಲಿ ಮೊದಲ ಹೆಸರು ಸುಗುಣಳದು. ಕುಸುಮಾವತಿಗೆ ಮದುವೆ ಗೊತ್ತಾಗಿದೆಯಂತೆ, ಕಾಲೇಜಿಗೆ ಬರುವುದಿಲ್ಲವಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಸುಗುಣಳ ತಂದೆ ದುಗ್ಗಪ್ಪ ಮಾಸ್ತರರು ಕಾಲೇಜಿನ ಆಫೀಸಿಗೇ ಹೋಗಿ ವಿಚಾರಿಸಿದ್ದರು. ‘ಸೀಟು ಬೇಡವೆಂದು ಆ ಹುಡುಗಿ ಎರಡು ಸಾಲು ಬರೆದುಕೊಟ್ಟರೆ ಸಾಕು, ಸೋಮವಾರ ನಿಮ್ಮ ಮಗಳನ್ನು ಸೇರಿಸಿಕೊಳ್ಳುತ್ತೇವೆ’ ಎಂದಿದ್ದರು ಗುಮಾಸ್ತರು.

ಕುಸುಮಾವತಿಯ ಸೋದರಮಾವ ಭೋಜರಾಜ ಹೆಗ್ಡೆ ಜಗಲಿಯಲ್ಲೇ ಸಿಕ್ಕರು. ಮನೆಯ ಯಜಮಾನಿಕೆ ಅವರದು. ಸುತ್ತಿನ ನಾಲ್ಕೂರಿನ ಪಂಚಾತಿಕೆಗೂ ಅವರೇ ಬೇಕು. ಸುಳ್ಳಿಗೆ ಸೈ ಹಾಕುವವರಲ್ಲ ಎಂಬ ಹೆಸರಿತ್ತು. ಸುಗುಣ ಬಂದ ವಿಷಯ ಹೇಳಿದೊಡನೆ ಅವರ ಮುಖ ಅರಳಿತು.

“ಕೂಕೊ ಹೆಣ್ಣೆ, ಮೊದ್ಲ್ ಆಸ್ರಿಗ್ ಕುಡಿ. ಸಿಕ್ಕಿದ್ ಸೀಟ್ ಹಾಳಾಯ್ತಲೆ ಅಂದೇಳಿ ನಂಗೂ ಬೇಜಾರಿತ್ತ್. ನಿಂಗಾರೂ ಸಿಕ್ಲಿ. ಕುಸುಮಾ, ಇವ್ಳಿಗ್ ಒಂದ್ ಕಾಗ್ದ ಬರ್ದ್ ಕೊಡ್!”

ಕುಸುಮಾವತಿ ಎದುರಾಡಲಿಲ್ಲ. ಸುಗುಣಳನ್ನು ಒಳಗಿನ ಕೋಣೆಗೆ ಕರೆದೊಯ್ದು, ಚಾಪೆಯ ಮೇಲೆ ಕೂತು, ದುಂಡಗಿನ ಅಕ್ಷರದಲ್ಲಿ ಕಾಗದ ಬರೆದು ಸಹಿ ಹಾಕಿದಳು. ಶಾಯಿ ಒಣಗಲೆಂದು ಕಾಯುತ್ತ, “ಇಂಟರ್‌ವ್ಯೂನಗೆ ನಿನ್ನತ್ರ ಎಂತ ಕೇಂಡ್ರ್?” ಎಂದಳು.

“ಹೆಣ್ಮಕ್ಳಿಗ್ ಸೀಟ್ ಕೊಟ್ರೆ ಮದಿಯಾಯಿ ಗಂಡನ್ ಮನಿಗ್ ಹೋತ್ರ್, ಸೀಟ್ ದಂಡ, ನೀನ್ ಎಂತ ಹೇಳ್ತೆ ಅಂದ್ರ್. ನಂಗ್ ಬಾಯೇ ಬರ್ಲಿಲ್ಲೆ. ನಿಂಗೆ?”

“ನಂಗೂ ಅದೇ. ನಾನ್ ದಂಡ ಮಾಡುದಿಲ್ಲೆ ಸಾರ್, ಬೇಕಾರ್ ಬರ್ಕಣಿ ಅಂದೆ. ಒಬ್ರ್ ನಿಜವಾಯೂ ಬರ್ಕಂಡ್ರ್.”

ಹೇಳಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕಾಗದವನ್ನು ಸುಗುಣಳ ಕೈಯಲ್ಲಿಟ್ಟು, “ಒಳ್ಳೇದಾಯ್ಲಿ,” ಎಂದು ಎದ್ದಳು.

ಸುಗುಣ ಜಗಲಿಗೆ ಬಂದು ಚಪ್ಪಲಿ ಮೆಟ್ಟಿದಳು. ಇನ್ನು ನಾಲ್ಕು ಮೆಟ್ಟಿಲು ಇಳಿದರೆ ಆಯಿತು, ಸೋಮವಾರದಿಂದ ಅವಳು ಡಾಕ್ಟರಿಕೆ ಓದುವ ಹುಡುಗಿ. ಮಡಚುವ ಮೊದಲು ಕಾಗದದ ಮೇಲೊಮ್ಮೆ ಕಣ್ಣಾಡಿಸಿದಳು. ‘ನನ್ನ ಸ್ವಂತ ಇಚ್ಛೆಯಿಂದ’ ಎಂದು ಬರೆದಿತ್ತು. ಅವಳ ಕಾಲು ಮುಂದೆ ಹೋಗಲಿಲ್ಲ.

“ಹೆಗ್ಡೇರೆ,” ಎಂದಳು, “ಮನೆ ಹಿರಿಯರೂ ಕಾರಣ ಬರ್ದ್ ಸೈ ಮಾಡ್ಕ್ ಅಂದ್ರ್ ಆಫೀಸಿನರ್.”

ಗುಮಾಸ್ತರು ಅಂಥ ಮಾತೇ ಎತ್ತಿರಲಿಲ್ಲ. ಹೇಳಿಯಾದ ಮೇಲೆ ಅವಳಿಗೆ ತನ್ನ ನಾಲಗೆಯ ಮೇಲೆಯೇ ಸಿಟ್ಟು ಬಂತು.

“ಅಷ್ಟೇ ಅಲ್ದಾ?” ಹೆಗ್ಡೆಯವರು ಬೇರೊಂದು ಹಾಳೆ ತೆಗೆದು, ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯತೊಡಗಿದರು: ‘ನನ್ನ ತಂಗಿಯ ಮಗಳಿಗೆ ಓದುವ ಮನಸ್ಸಿಲ್ಲದ ಕಾರಣ...’ ಕುಸುಮಾವತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ತಲೆಯೆತ್ತಿ ಅವಳ ಮುಖ ಕಂಡವರು ಆ ಸಾಲನ್ನು ಹೊಡೆದುಹಾಕಿದರು. ‘ಆರೋಗ್ಯ ಸರಿಯಿಲ್ಲದ ಕಾರಣ...’

“ಬಿಡ್ತ್ ಅನ್ನಿ ಅಣ್ಣಯ್ಯ!” ಒಳಗಿನಿಂದ ಕುಸುಮಾವತಿಯ ತಾಯಿ ಗಿರಿಜಾ ಕೂಗಿಕೊಂಡರು. “ಮದಿ ಗೊತ್ತಾದ್ ಹೆಣ್ಣಿಗೆ ಇಲ್ದಿದ್ ಕಾಯ್ಲೆ ಹಚ್ಬೇಡಿ.”

“ಹಂಗಾರ್ ಮದಿ ಅಂದೇಳೇ ಬರೀತೆ.”

“ನೀವೇ ಬರೀನಿ ಮಾವಯ್ಯ,” ಎಂದಳು ಕುಸುಮಾವತಿ. ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. “‘ಅವ್ಳಿಗ್ ಓದೂಕ್ ಮನ್ಸಿತ್ತ್, ನಾನೇ ಬಿಡ್ಸಿದೆ’ ಅಂದೇಳಿ ಬರೀನಿ. ನಿಜ ಅದೇ ಅಲ್ದಾ?”

ಹೆಗ್ಡೆಯವರು ಪೆನ್ನನ್ನು ಹಾಳೆಗೆ ತಾಗಿಸಿದರು. ಎಷ್ಟೋ ಮನೆಗಳ ಜಗಳಕ್ಕೆ ತೀರ್ಪು ಬರೆದ ಕೈ ಆ ಒಂದು ಸಾಲು ಬರೆಯಲಿಲ್ಲ. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ ಸುಗುಣಳತ್ತ ಕೈ ಚಾಚಿದರು.

“ಆ ಕಾಗ್ದ ಇತ್ಲಾಯಿ ಕೊಡ್.”

ಸುಗುಣ ಕೊಟ್ಟಳು.

ಅವಳನ್ನು ಬಸ್ಸಿಗೆ ಬಿಡಲು ಹೆಗ್ಡೆಯವರೇ ಕೊಡೆ ಹಿಡಿದು ಹೊರಟರು. ಗದ್ದೆ ದಾಟಿ ರಸ್ತೆಗೆ ಬಂದರು. ದೂರದಲ್ಲಿ ಬಸ್ಸು ಕಂಡಾಗ, “ಗಂಡಿನ ಕಡೆಯರತ್ರ ‘ಐದ್ ವರ್ಷ ಕಾಯಿನಿ’ ಅಂದ್ ನಾನೇ ಕೇಂತೆ. ಕಾಯ್ದಿರೆ ಊರಗ್ ಬೇರೆ ಗಂಡಿಲ್ಯಾ?” ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ಅವಳತ್ತ ತಿರುಗಿದರು. “ಆಫೀಸಿನರ್ ಕಾರಣ ಕೇಂಡೇ ಇಲ್ಲೆ, ಅಲ್ದಾ?”

ಸುಗುಣ ತಲೆ ತಗ್ಗಿಸಿದಳು.

“ನಿಂಗ್ ಆ ಸೀಟ್ ಬೇಕಿರ್ಲಿಲ್ಯಾ ಹೆಣ್ಣೆ?”

“ಬೇಕಿತ್ತ್,” ಎಂದಳು. ಬಸ್ಸು ಬಂದು ನಿಂತಿತು.

ಸೋಮವಾರ ಕುಸುಮಾವತಿ ಕಾಲೇಜಿಗೆ ಸೇರಿದಳು. ಆಗಸ್ಟ್ ಮುಗಿಯುವ ತನಕ ಸುಗುಣ ಟಪಾಲಿನವನ ದಾರಿ ನೋಡಿದಳು. ಆ ವರ್ಷ ಮತ್ತೆ ಯಾರೊಬ್ಬರೂ ಸೀಟು ಬಿಡಲಿಲ್ಲ.