ಎಲೆತೋಟಕ್ಕೆ ಕಾಲಿಟ್ಟವರು

“ಇವನೇ ಮೇಡಂ! ಊರೂರಿಗೆ ರೋಗ ಹಂಚೋನು ಇವನೇ!”

ಸಂತೇಬೆನ್ನೂರಿನ ತನ್ನ ಎಲೆತೋಟದ ಬಾಗಿಲಲ್ಲಿ ಷಣ್ಮುಖಪ್ಪ, ವ್ಯಾಪಾರಿ ದಾಸಪ್ಪನ ಬೈಕಿಗೆ ಅಡ್ಡ ನಿಂತಿದ್ದ. ಮೇಡಂ ಹೂಂ ಅಂದರೆ ಮುಗಿಯಿತು. ದಾಸಪ್ಪನಿಗೆ ಇನ್ನು ಯಾವ ತೋಟದಲ್ಲೂ ಒಂದು ಪೆಂಡಿ ವೀಳ್ಯದೆಲೆ ಹುಟ್ಟುತ್ತಿರಲಿಲ್ಲ. ಅವನ ಹೊಟ್ಟೆಪಾಡೇ ಅದು.

ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞೆ ಚೈತ್ರಶ್ರೀಗೂ ಅನುಮಾನ ಉಳಿದಿರಲಿಲ್ಲ. ಬುಡಕೊಳೆ ಮೊದಲು ಕಂಡದ್ದು ನ್ಯಾಮತಿಯಲ್ಲಿ. ಅದನ್ನು ನೋಡಿದವಳೇ ಒಂದು ದಿನವೂ ತಡಮಾಡದೆ ಉಳಿದ ತೋಟಗಳಿಗೆಲ್ಲ ಓಡಿ ಎಚ್ಚರಿಸಿದ್ದಳು. ಆದರೂ ಹೊನ್ನಾಳಿಯ ಬಳ್ಳಿ ಬಾಡಿತು, ಈಗ ಇಲ್ಲಿಯದು. ಇದು ಮಣ್ಣಿನ ರೋಗ. ಯಾರೋ ಹೊತ್ತು ತಂದಿರಬೇಕು. ಮೂರೂ ಕಡೆ ಎಲೆ ಕೊಳ್ಳುವವನು ದಾಸಪ್ಪ.

ಸಾಕ್ಷಿಯೂ ಇತ್ತು. ತ್ಯಾವಣಿಗೆಯ ಉಚ್ಚಂಗೆಮ್ಮ ಅವನೊಂದಿಗೆ ಜಗಳವಾಡಿ ಎಲೆ ಕೊಡುವುದನ್ನೇ ಬಿಟ್ಟಿದ್ದಳು. ಅವಳ ತೋಟಕ್ಕೆ ಮಾತ್ರ ರೋಗ ಬಂದಿರಲಿಲ್ಲ.

ಎಂಥ ಮುದುಕಿ ಅದು! “ಎಲೆಬಳ್ಳಿ ಅಂದ್ರೆ ದೇವರು ಕಣವ್ವಾ. ಬೂಟು ಹಾಕ್ಕೊಂಡು ಒಳಗೆ ಬರಂಗಿಲ್ಲ,” ಎಂದು ಗದರಿಸಿ, ಎಚ್ಚರಿಸಲು ಬಂದ ಮೇಡಂ ಅನ್ನುವುದನ್ನೂ ನೋಡದೆ ಬರಿಗಾಲಲ್ಲಿ ತಿರುಗಿಸಿದ್ದಳು. ಮುಳ್ಳು ಚುಚ್ಚಿ ಚೈತ್ರಶ್ರೀ ಎರಡು ದಿನ ಕುಂಟಿದ್ದಳು. ನಿನ್ನೆ ಫೋನಿನಲ್ಲಿ ತೋಟದ ಬಗ್ಗೆ ವಿಚಾರಿಸಿದರೆ, “ನನ್ನ ಬಳ್ಳಿಗೇನಾಗೈತೆ? ನಿನ್ನ ಕಾಲು ಹೆಂಗೈತೆ ಹೇಳು,” ಎಂದು ನಕ್ಕಿದ್ದಳು.

“ಏನಂತೀಯ ದಾಸಪ್ಪ?” ಚೈತ್ರಶ್ರೀ ಕೇಳಿದಳು.

“ಒಳಗೆ ಹೋದ್ರಲ್ವೇನ್ರೀ ಮಣ್ಣು ತರಾಕೆ? ಎಲ್ಲಾ ಕಡೆ ಪೆಂಡಿ ರಸ್ತೆಗೇ ತಂದು ಕೊಡ್ತಾರೆ. ನೀವೇ ಬುಕ್ ಇಡಿಸೀರಲ್ಲ, ತೆಗೆದು ನೋಡ್ರಿ!”

ನಿಜ. ಒಳಗೆ ಕಾಲಿಟ್ಟವರು ಹೆಸರು, ತಾರೀಕು, ಹೊತ್ತು ಬರೆಯಲೇಬೇಕೆಂದು ವರ್ಷದ ಹಿಂದೆ ಪ್ರತಿ ತೋಟದ ಬಾಗಿಲಿಗೂ ಒಂದು ಪುಸ್ತಕ ಕಟ್ಟಿಸಿದ್ದವಳು ಚೈತ್ರಶ್ರೀಯೇ. ನ್ಯಾಮತಿ, ಹೊನ್ನಾಳಿಯ ಪುಟಗಳ ಫೋಟೊಗಳು ಮೊಬೈಲಿನಲ್ಲಿದ್ದವು. ಷಣ್ಮುಖಪ್ಪನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಗೆಲುವಿನಿಂದಲೇ ಬೆರಳಾಡಿಸಿದಳು.

ದಾಸಪ್ಪನ ಹೆಸರು ಎಲ್ಲೂ ಇರಲಿಲ್ಲ.

“ಹಂಗಾದ್ರೆ ಮೂರರಾಗೂ ಹೆಸರಿರೋ ಆಸಾಮಿ ಯಾರ್ರೀ?” ಷಣ್ಮುಖಪ್ಪ ಕತ್ತು ಚಾಚಿದ.

ಒಬ್ಬರದಿತ್ತು. ಮೂರು ವಾರದ ಹಿಂದಿನ ಸೋಮವಾರ ನ್ಯಾಮತಿ, ಮರುದಿನ ಮಂಗಳವಾರ ಬೆಳಗ್ಗೆ ಹೊನ್ನಾಳಿ, ಮಧ್ಯಾಹ್ನ ಸಂತೇಬೆನ್ನೂರು.

ಮೂರೂ ಕಡೆ ದುಂಡನೆಯ ಅಕ್ಷರದಲ್ಲಿ: ಚೈತ್ರಶ್ರೀ, ಸಸ್ಯರೋಗ ತಜ್ಞೆ.