ಯಾವ ಊರಿನ ‘ಇತ್ತು’?

ಟೋಪಿಯವನು ಕಾರಿನ ಕೆಳಗೆ ನುಸುಳಿ ಬ್ರೇಕಿನ ತಂತಿ ಕತ್ತರಿಸುವ ಹೊತ್ತಿಗೆ ಕ್ಷಮಾ ಟಿ.ವಿ.ಯ ಸದ್ದು ಕಡಿಮೆ ಮಾಡಿ ನನ್ನ ಮುಖ ನೋಡಿದಳು. ಭಾನುವಾರ ಮಧ್ಯಾಹ್ನ ಊಟದ ಮೇಲೆ ನಿದ್ದೆ ಬರಲೆಂದು ನಾನೇ ಹಾಕಿದ್ದ ಹಳೆಯ ಕಪ್ಪು ಬಿಳುಪು ಇಂಗ್ಲಿಷ್ ಸಿನಿಮಾ. ದುಡ್ಡಿಗಾಗಿ ಮದುವೆಯಾಗಿ, ಆಮೇಲೆ ಹೆಂಡತಿಯನ್ನು ಮುಗಿಸಲು ಹೊರಟವನ ಕತೆ. ನನ್ನ ನಿದ್ದೆ ಯಾವಾಗಲೋ ಹಾರಿಹೋಗಿತ್ತು.

“ಶೈಲೇಶ ರಾಯರೇ, ನೀವು ನನ್ನ ನೋಡಿ ಮದುವೆ ಆದ್ರಾ, ಹೋಟೆಲ್ ನೋಡಿ ಆದ್ರಾ?”

“ಹೋಟ್ಲ್ ನಾ ಕಂಡದ್ದೇ ಇಲ್ಲ ಮಾರಾಯ್ತಿ,” ಎಂದೆ. ಅಷ್ಟು ಮಾತ್ರ ಸತ್ಯ.

ಹದಿನೆಂಟು ವರ್ಷದ ಹಿಂದೆ ಅವಳ ಸೋದರಮಾವ ದಾವಣಗೆರೆಯಿಂದ ತೆಕ್ಕಟ್ಟೆಯ ನಮ್ಮ ಮನೆಗೆ ಬಂದು, “ಭಾವನವರದ್ದು ಬಸ್‌ಸ್ಟ್ಯಾಂಡ್ ಎದುರಿಗೇ ಹೋಟೆಲ್ ಇತ್ತು” ಎಂದಿದ್ದರು. ನಮ್ಮ ಕುಂದಾಪುರದ ಕಡೆ ‘ಇತ್ತ್’ ಅಂದರೆ ‘ಇದೆ’ ಎಂದರ್ಥ. ಘಟ್ಟದ ಮೇಲಿನವರ ಬಾಯಲ್ಲಿ ಅದು ಮುಗಿದುಹೋದ ಸಂಗತಿ ಎಂದು ಶಾಲೆಗೆ ಹೋದ ನನಗೂ ಗೊತ್ತಿತ್ತು. ಆದರೆ ಆಸೆಬುರುಕನ ಕಿವಿಗೆ ವ್ಯಾಕರಣ ಎಲ್ಲಿ ಕೇಳಿಸುತ್ತದೆ? ಒಬ್ಬಳೇ ಮಗಳು ಬೇರೆ. ಫೋಟೊ ಕೂಡ ಸರಿಯಾಗಿ ನೋಡದೆ ಒಪ್ಪಿಬಿಟ್ಟೆ. ನನ್ನ ಕೊಡೆ ಅಂಗಡಿಯ ಸ್ಟೂಲಿನ ಮೇಲೆ ಹೋಟೆಲ್ ಯಜಮಾನನ ಹಾಗೆ ಹೊಟ್ಟೆ ಮುಂದೆ ಮಾಡಿ ಕೂರುವುದನ್ನೂ ಅಭ್ಯಾಸ ಮಾಡಿದೆ.

ಮೊದಲ ದೀಪಾವಳಿಗೆ ದಾವಣಗೆರೆಯ ಮಾವನ ಮನೆಗೆ ಹೋದಾಗ ಬಸ್ಸಿಳಿದವನೇ ಕೇಳಿದೆ, “ಹೋಟ್ಲ್ ಎಲ್ಲಿತ್ತ್ ಮಾವ?”

“ಅಲ್ಲೇ ಇತ್ತು,” ಎಂದು ಮಾವ ಒಂದು ಮೊಬೈಲ್ ಅಂಗಡಿಯತ್ತ ಕೈ ತೋರಿಸಿದರು. ನಾನು ಅದರ ಮಹಡಿಯ ಮೇಲೆ, ಪಕ್ಕದ ಸಂದಿಯಲ್ಲಿ ಎಲ್ಲ ಕಣ್ಣಾಡಿಸಿದೆ. “ಮಾರಿ ಏಳು ವರ್ಷ ಆಯ್ತಲ್ಲ,” ಎಂದರು ಮಾವ. ಆ ಹಬ್ಬದಲ್ಲಿ ಕ್ಷಮಾ ಬಡಿಸಿದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

“ಆವತ್ತು ನಿಮ್ಮ ಮುಖ ನೋಡಿದಾಗಲೇ ನನಗೆ ಎಲ್ಲಾ ಗೊತ್ತಾಯ್ತು,” ಎಂದಳು ಕ್ಷಮಾ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಹಾಗಾದರೆ ಇಷ್ಟು ವರ್ಷ ನಾನು ಮುಚ್ಚಿಟ್ಟದ್ದು ಯಾರಿಂದ? ಮಳೆಗಾಲ ಕಳೆದರೆ ನನ್ನ ಕೊಡೆಗಳನ್ನು ಕೇಳುವವರಿಲ್ಲ. ಅವಳು ಕುಂದಾಪುರದ ಶಾಲೆಯಲ್ಲಿ ಪಾಠ ಮಾಡಿ ತರುವ ಸಂಬಳದಿಂದಲೇ ಮನೆ ನಡೆಯುತ್ತದೆ. ಹೆಂಡತಿಯ ದುಡ್ಡಿನಲ್ಲಿ ಬದುಕಲು ಟೋಪಿಯವನು ಅಷ್ಟೆಲ್ಲ ಒದ್ದಾಡಿದ; ನಾನು ಅದನ್ನು ಕಾರಿನ ಕೆಳಗೆ ನುಸುಳದೆಯೇ ಸಾಧಿಸಿದ್ದೆ. ನಾಚಿಕೆಯಾಯಿತು. ಎಲ್ಲ ತಿಳಿದೂ ಇವಳು ದಿನಾ ನನಗೆ ಊಟ ಬಡಿಸಿದಳಲ್ಲ ಎಂದು ಸಂಕಟವಾಯಿತು.

“ಆಗಿನದು ಬಿಡಿ. ಈಗ ಹೇಳಿ, ನನ್ನ ಮೇಲೆ ಪ್ರೀತಿ ಇದೆಯಾ?”

“ಇತ್ತ್,” ಎಂದೆ. ಬಾಯಿಗೆ ಬಂದದ್ದು ಅದೇ.

ಅವಳು ರಿಮೋಟ್ ಕೆಳಗಿಟ್ಟಳು. “ಯಾವ ಇತ್ತು? ನಿಮ್ಮೂರಿಂದಾ, ನಮ್ಮೂರಿಂದಾ?”

“ನಮ್ಮೂರಿಂದೇ ಮಾರಾಯ್ತಿ. ದೇವರಾಣೆ.”

ಅವಳಿಗೆ ನಗು ಬಂದಂತೆ ಕಂಡಿತು. ಎದ್ದು ಹೋಗಿ ಗೋಡೆಯ ಮೊಳೆಯಿಂದ ಸ್ಕೂಟರಿನ ಕೀ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.

“ನಂಬಿದೆ. ನಾಳೆ ಶಾಲೆಗೆ ಹೋಗುವಾಗ ಬ್ರೇಕ್ ಮಾತ್ರ ಒಂದ್ಸಲ ತೋರಿಸ್ಕೊಂಡು ಹೋಗ್ತೀನಿ.”