ಅರ್ಧ ಬ್ಯಾಣದ ಉಣುಗೋಲು

ಬಿಸಿಲಿಗೆ ಕಾದ ಬಿದಿರಿನ ವಾಸನೆ ಬಂದರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಸಿರಿಮನೆಯ ಅಜ್ಜಿ, ಹುಲ್ಲು ಬೆಳೆಯುವ ಬ್ಯಾಣದಲ್ಲಿ ಅರ್ಧವನ್ನು ಬೇಸಿಗೆಗೆಂದು ದಾರಿಗೆ ಅಡ್ಡಲಾಗಿ ಬಿದಿರಿನ ಉಣುಗೋಲು ಹಾಕಿ ಮುಚ್ಚಿಡುತ್ತಿದ್ದಳು. ನಾನು ಕೌಲಿ ಹಸುವಿನ ಮುಖ ನೋಡಿ ಮರುಗಿ, ಹುಲ್ಲು ಬೀಜ ಕಟ್ಟುವ ಮೊದಲೇ ದಿನಾ ಕದ್ದು ಉಣುಗೋಲು ಸರಿಸಿ ಅದನ್ನು ಒಳಗೆ ಬಿಡುತ್ತಿದ್ದೆ.

"ದನದ ಹೊಟ್ಟೆ ನೋಡ್ಬೇಡ, ಹುಲ್ಲಿನ ಬುಡ ನೋಡು ಅಂತ ನಿಂಗೆ ಎಷ್ಟು ಸಲ ಹೇಳದು ಮಾರಾಯ್ತಿ" ಎಂದು ಅಜ್ಜಿ ಬೈದು ಬೈದು ಸೋತಳು.

ಬೇಸಿಗೆಯ ಒಂದು ಮಧ್ಯಾಹ್ನ ಕೌಲಿ ಉಣುಗೋಲಿನ ಬಳಿ ನಿಂತು ಒಂದೇ ಸಮನೆ ಕೂಗಿತು.

"ಈಗ ತೆಗಿ ನೋಡನ" ಎಂದಳು ಅಜ್ಜಿ.

ತೆಗೆದೆ. ಕೌಲಿ ಒಳಗೆ ಹೋಗಿ ಬರೀ ಕೆಂಪು ಮಣ್ಣನ್ನು ಮೂಸಿತು. ತಿರುಗಿ ಬಂದು, ಬೆವರಿದ್ದ ನನ್ನ ಕೈಯನ್ನು ನೆಕ್ಕತೊಡಗಿತು.